ನೆಗೊಂಬೊದ ಉಪ್ಪುಕೆರೆಯಲ್ಲಿ ಅಪ್ಪನ ಗಾಳ

ಹೊರಡುವ ಮುಂಚೆ

ಸಿಲೋನಿಗೆ ಹೋಗಿ ಬಂದೆ ಎಂದರೆ ಸಾಕು, ನಮ್ಮ ಶಾಲೆಯ ಟೀಚರುಗಳು ಬುದ್ಧನ ಹಲ್ಲಿನ ಗುಡಿ ಹೇಗಿದೆ, ಟೀ ತೋಟ ಹೇಗಿದೆ ಎಂದು ಸುತ್ತುವರಿದು ಕೇಳುತ್ತಾರೆ. ಎರಡನ್ನೂ ನಾನು ನೋಡಲಿಲ್ಲ. ಕಡಲ ನೀರು ನೆಲದೊಳಕ್ಕೆ ನುಗ್ಗಿ ಕೆರೆಯಂತೆ ಹರಡಿಕೊಂಡ ಒಂದು ಜಾಗ, ಅದರಲ್ಲೊಂದು ಸಣ್ಣ ದೋಣಿ, ದೋಣಿಯಲ್ಲಿ ನಮ್ಮಪ್ಪ. ಇಷ್ಟನ್ನೇ ನೋಡಿಕೊಂಡು ಬಂದೆ. ಅದನ್ನೇ ಹೇಳುತ್ತೇನೆ.

ನನ್ನ ತಂಗಿ ರತ್ನ ಬೆಂಗಳೂರಿನಲ್ಲಿ ನರ್ಸಿನ ತರಬೇತಿ ಮುಗಿಸಿ, ಅಲ್ಲಿನ ಮೇಟ್ರನ್ ಒಬ್ಬರ ಮಾತಿನ ಮೇಲೆ ಕೊಲಂಬೊದ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದವಳು. ಒಂದು ದಿನ ಅಂಗೈಗೆ ಗಾಳ ಚುಚ್ಚಿಕೊಂಡು ಬಂದವನೊಬ್ಬನಿಗೆ ಅದನ್ನು ಬಿಡಿಸಿ ಕಟ್ಟು ಹಾಕಿದಳು. ವರ್ಷ ತುಂಬುವುದರೊಳಗೆ ಅವನನ್ನೇ ಮದುವೆಯಾದಳು. ಅವನ ಹೆಸರು ಅಂತೋನಿ. ನೆಗೊಂಬೊ ಎಂಬ ಊರಿನ ಮೀನುಗಾರರ ಮನೆಯವನು, ಚರ್ಚಿಗೆ ಹೋಗುವವನು. ರಜೆಯಲ್ಲಿ ಬರುವ ಟೀ ತೋಟದ ದೊರೆಗಳನ್ನು ಬೆಳಗಿನ ಜಾವ ದೋಣಿಯಲ್ಲಿ ಕರೆದುಕೊಂಡು ಹೋಗಿ, ಮೀನು ಎಲ್ಲಿದೆ ಎಂದು ತೋರಿಸಿ, ಹಿಡಿಸಿಕೊಂಡು ಬರುವುದು ಅವನ ಕಸುಬು.

ಮದುವೆಯ ಸುದ್ದಿ ಬಂದ ದಿನ ಸುಂಕದಕಟ್ಟೆಯ ನಮ್ಮ ಮನೆಯಲ್ಲಿ ಒಲೆ ಉರಿಯಲಿಲ್ಲ. ಅಪ್ಪ ಆಮೇಲೆ ಅವಳ ಹೆಸರೆತ್ತಲಿಲ್ಲ. ಊರಿನ ನ್ಯಾಯ ಪಂಚಾಯ್ತಿಗೆ ಮುಂದಾಗಿ ಕೂರುವವರು, ಒಂದು ಸಲ ಆಡಿದ ಮಾತನ್ನು ನುಂಗಿಕೊಳ್ಳುವವರಲ್ಲ. ಆದರೆ ಮೊಮ್ಮಗ ಹುಟ್ಟಿ, ಅವನು ಎದ್ದು ನಿಲ್ಲುತ್ತಿದ್ದಾನೆ ಎಂಬ ಸುದ್ದಿಯೂ ಬಂದಮೇಲೆ ಅವ್ವನಿಗೆ ತಡೆಯಲಾಗಲಿಲ್ಲ. ಮಂಡಿನೋವಿನಿಂದ ಅವಳು ಮನೆ ಮೆಟ್ಟಿಲು ಇಳಿಯುವುದೇ ಕಷ್ಟ. ಅಪ್ಪನ ಎದುರು ಕೂತು, "ಬೈಯೋದಾದ್ರೂ ಎದುರಿಗೆ ನಿಂತು ಬೈದು ಬನ್ನಿ. ಇಲ್ಲಿ ಕೂತು ಬೈದ್ರೆ ನನ್ನೊಬ್ಬಳಿಗೇ ಕೇಳ್ಸೋದು" ಅಂದಳು.

ಅಪ್ಪ ಒಂದು ವಾರ ಯೋಚಿಸಿದರು. ಕೊನೆಗೆ ಒಪ್ಪಿದ್ದು ಒಂದೇ ಕಾರಣಕ್ಕೆ: ಹೋಗಿ ಮಗಳನ್ನೂ ಮಗುವನ್ನೂ ಕರೆದುಕೊಂಡು ಬರುತ್ತೇನೆ ಎಂದು. ಅಂತೋನಿಯ ಗತಿ ಏನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೇಸಗೆ ರಜೆಯಾದ್ದರಿಂದ ಜೊತೆಗೆ ನಾನು ಹೊರಟೆ. ಶಾಲೆಯ ಕೆಲಸಕ್ಕಾಗಿ ರಾಜಾಜಿನಗರದಲ್ಲಿ ನಾನಿರುವ ಸಾಲಿನಲ್ಲಿ ಎಡಕ್ಕೂ ಬಲಕ್ಕೂ ತಮಿಳರ ಮನೆಗಳು. ನೀರಿನ ಕೊಳಾಯಿಯ ಮುಂದೆ ಜಗಳವಾಡಿಯೇ ನಾನು ತಮಿಳು ಕಲಿತಿದ್ದೆ. ಅಂತೋನಿಗೆ ತಮಿಳು ಬರುತ್ತದೆ, ಅಪ್ಪನಿಗೆ ಬರದು. ಹೀಗಾಗಿ ನನಗೆ ದುಭಾಷಿಯ ಕೆಲಸ ಸಿಕ್ಕಿತು. ಅದು ಎಂಥ ಕೆಲಸ ಎಂದು ಆಗ ಗೊತ್ತಿರಲಿಲ್ಲ.

ಹಡಗು ಮತ್ತು ಸುಂಕದ ಮೇಜು

ರಾಮೇಶ್ವರದ ಪಕ್ಕದಲ್ಲಿ ನೆಲ ಮುಗಿದು ರೈಲೂ ಮುಗಿಯುತ್ತದೆ. ಅಲ್ಲಿಂದ ಹಡಗು. ಅದಕ್ಕೂ ಮುಂಚೆ ಡಾಕ್ಟರೊಬ್ಬರು ಎಲ್ಲರ ನಾಲಿಗೆ, ಕಣ್ಣು ನೋಡಿ ಕಳಿಸುತ್ತಿದ್ದರು. ಅಪ್ಪ ಬಾಯಿ ತೆರೆಯಲು ಒಪ್ಪಲಿಲ್ಲ. ಎತ್ತಿನ ಹಲ್ಲು ಎಣಿಸುವ ಹಾಗೆ ತಮ್ಮ ಬಾಯೊಳಗೆ ಯಾರೂ ನೋಡಬೇಕಾಗಿಲ್ಲ ಎಂದು ವಾದ ಮಾಡಿದರು. ಹಿಂದೆ ಸಾಲಿನಲ್ಲಿದ್ದ ಜನ ಗೊಣಗಲು ಶುರುಮಾಡಿದ ಮೇಲೆ ಅರ್ಧ ಬಾಯಿ ತೆರೆದರು. ಡಾಕ್ಟರು ಅಷ್ಟಕ್ಕೇ ಸಾಕೆಂದರು.

ಹಡಗಿನ ಮೇಲೆ ಎಲ್ಲರೂ ನೆರಳು ಹುಡುಕಿಕೊಂಡು ಒಳಗೆ ಹೋದರೆ ಅಪ್ಪ ಕಂಬಿ ಹಿಡಿದು ನಿಂತೇ ಇದ್ದರು. ಹುಟ್ಟಿದಾಗಿನಿಂದ ಅವರು ನೋಡಿದ ದೊಡ್ಡ ನೀರೆಂದರೆ ತುಂಬಿದ ಕೆಂಗೇರಿ ಕೆರೆ. ತುಂಬ ಹೊತ್ತಾದಮೇಲೆ ನನ್ನ ಕಡೆ ತಿರುಗಿ, "ಇಷ್ಟು ನೀರು ಮಾಡಿ, ಎಲ್ಲಾ ಉಪ್ಪು ಮಾಡಿಬಿಟ್ಟವ್ನಲ್ಲಮ್ಮ ದೇವ್ರು. ಒಂದು ಮಡಿ ಸೊಪ್ಪಿಗೂ ಆಗಾಕಿಲ್ಲ" ಎಂದು ನಿಟ್ಟುಸಿರುಬಿಟ್ಟರು.

ಆಚೆ ದಡದಲ್ಲಿ ಸುಂಕದವರು ನಮ್ಮ ಗಂಟು ಬಿಚ್ಚಿಸಿದರು. ಬಟ್ಟೆಯ ಕೆಳಗೆ ಒಂದು ಚೀಲ ರಾಗಿ ಹಿಟ್ಟು ಇತ್ತು. ಮಗಳ ಮನೆಯಲ್ಲಿ ಒಂದು ತುತ್ತೂ ಮುಟ್ಟುವುದಿಲ್ಲ, ನಮ್ಮ ಮುದ್ದೆ ನಾವೇ ಮಾಡಿಕೊಳ್ಳುತ್ತೇವೆ ಎಂದು ಅಪ್ಪ ತಂದದ್ದು. ಕಂದು ಬಣ್ಣದ ಪುಡಿ ಕಂಡು ಸುಂಕದ ಅಧಿಕಾರಿಯ ಮುಖ ಬಿಗಿಯಾಯಿತು. ಬೆರಳಿಗೆ ಹಚ್ಚಿ ಮೂಸಿ ನೋಡಿದರು. ನಾನು ತಮಿಳಿನಲ್ಲಿ ಏನೇನೋ ವಿವರಿಸುತ್ತಿದ್ದಾಗ ಪಕ್ಕದ ಮೇಜಿನ ಇನ್ನೊಬ್ಬ ಅಧಿಕಾರಿ ಬಂದು ನೋಡಿ ನಕ್ಕು, "ಕುರಕ್ಕನ್" ಅಂದರು. ಅವರ ಊರಿನ ಕಡೆಯೂ ಇದನ್ನು ಬೆಳೆಯುತ್ತಾರಂತೆ, ಅವರ ತಾಯಿ ಇದರಲ್ಲೇ ರೊಟ್ಟಿ ತಟ್ಟುತ್ತಾರಂತೆ. ಅದನ್ನು ಹೇಳಿದಾಗ ಅಪ್ಪನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಆ ಮನುಷ್ಯನ ಕೈ ಹಿಡಿದು, ಮಳೆ ಯಾವಾಗ ಬೀಳುತ್ತೆ, ಪೈರು ನಾಟಿ ಮಾಡ್ತೀರೋ ಚೆಲ್ತೀರೋ ಎಂದು ಕೇಳತೊಡಗಿದರು. ಹಿಂದೆ ಸಾಲು ಬೆಳೆಯಿತು. ನಮ್ಮನ್ನು ತಡೆದವರೇ ಕೊನೆಗೆ ನಮ್ಮನ್ನು ಸಾಗಹಾಕಬೇಕಾಯಿತು.

ನೆಗೊಂಬೊ

ಸಿಲೋನಿನವರಿಗೆ ಒಂದು ಅಭ್ಯಾಸ. ನಾವು ದಾರಿಯಲ್ಲಿ ಸಿಕ್ಕವರನ್ನು ಊಟ ಆಯ್ತಾ ಎನ್ನುತ್ತೇವಲ್ಲ, ಅವರು ಎಲ್ಲಿಗೆ ಹೊರಟಿರಿ ಎನ್ನುತ್ತಾರೆ. ಪರಿಚಯ ಇರಲಿ ಬಿಡಲಿ, ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಲೇಬೇಕೆಂದೇನೂ ಇಲ್ಲ, ಒಂದು ನಗು ಸಾಕು. ಅಪ್ಪ ಮಾತ್ರ ನೆಗೊಂಬೊ ಬೀದಿಯುದ್ದಕ್ಕೂ ಕೇಳಿದವರಿಗೆಲ್ಲ ನಿಂತು, "ನನ್ನ ಮಗಳನ್ನ ಕರ್ಕೊಂಡು ಹೋಗಕ್ಕೆ ಬಂದಿವ್ನಿ" ಎಂದು ಕನ್ನಡದಲ್ಲಿ ಗಂಭೀರವಾಗಿ ಹೇಳುತ್ತಾ ಹೋದರು. ಎಲ್ಲರೂ ಸಂತೋಷದಿಂದ ತಲೆಯಾಡಿಸಿದರು.

ರತ್ನಳ ಮನೆ ಹಿನ್ನೀರಿನ ದಡದಲ್ಲೇ ಇತ್ತು. ತೆಂಗಿನ ಗರಿಯ ಮಾಡು, ಸುಣ್ಣ ಬಳಿದ ಗೋಡೆ. ಒಳಗೆ ಮೇರಿ ಮಾತೆಯ ಪಟ, ಅದರ ಪಕ್ಕದಲ್ಲೇ ನಮ್ಮೂರ ಆಂಜನೇಯನ ಪಟ. ಎರಡಕ್ಕೂ ಒಂದೇ ಹೂವಿನ ಎಸಳು. ರತ್ನ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಕಾಲಿಗೆ ಬಿದ್ದಳು. ಅಪ್ಪ ಅವಳನ್ನು ನೋಡದೆ ಅವಳ ತಲೆಯ ಮೇಲಿದ್ದ ಮಾಡನ್ನು ನೋಡಿದರು. ಮಗು ಹೊಸ್ತಿಲು ಹಿಡಿದು ನಿಂತು ಅಪ್ಪನ ಪೇಟವನ್ನೇ ದಿಟ್ಟಿಸುತ್ತಿತ್ತು. ಅಪ್ಪ ಅದನ್ನು ನೋಡದಿರಲು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ಎತ್ತಿಕೊಂಡರು.

ಅಷ್ಟರಲ್ಲಿ ಅಂತೋನಿ ಬಂದ. ಎತ್ತರದ ಆಳು, ಸಣಕಲ ಕಾಲು, ಉದ್ದನೆ ಕತ್ತು, ಬಿಸಿಲಿಗೆ ಕಪ್ಪಾದ ಮೈ. ಕೈಮುಗಿದು ನಿಂತವನು ಬಾಯಿ ಬಿಡಲಿಲ್ಲ. ಅಪ್ಪ ಮೇಲಿನಿಂದ ಕೆಳಗಿನವರೆಗೆ ನೋಡಿ, "ಇವ್ನೇನಮ್ಮ, ಕೆರೆ ಕೊಕ್ಕರೆ ಹಂಗವ್ನೆ. ಇವನ್ನ ನೋಡಿ ಒಪ್ಪಿಬಿಟ್ಳಾ ಇವಳು" ಅಂದರು.

ಏನು ಹೇಳಿದರು ಎಂಬಂತೆ ಅಂತೋನಿ ನನ್ನನ್ನು ನೋಡಿದ. ಪ್ರಯಾಣ ಸುಖವಾಗಿತ್ತು ಅನ್ನುತ್ತಾರೆ ಎಂದೆ. ಅವನು ತಲೆ ಬಗ್ಗಿಸಿ, ತುಂಬ ಸಂತೋಷ ಎಂದು ತಮಿಳಿನಲ್ಲಿ ಹೇಳಿದ. ರತ್ನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಳು ಬಂದಿರಬೇಕೆಂದು ನಾನಂದುಕೊಂಡೆ.

ಅಂದು ಅಪ್ಪ ಅಂಗಳದಲ್ಲಿ ಮೂರು ಕಲ್ಲಿಟ್ಟು ತಾವೇ ಮುದ್ದೆ ತಿರುವಿದರು. ಅವರಿಗೆ ಒಲೆಯ ಕೆಲಸ ಗೊತ್ತಿಲ್ಲ. ಮುದ್ದೆ ಹೊರಗೆ ಕಲ್ಲಿನಂತಾಗಿ ಒಳಗೆ ಹಿಟ್ಟು ಹಿಟ್ಟಾಗಿಯೇ ಉಳಿದಿತ್ತು. ಹೆಮ್ಮೆಯಿಂದ ಅದನ್ನೇ ನುಂಗಿದರು. ಪಕ್ಕದ ಮನೆಯ ಹೆಂಗಸರು ಬೇಲಿಯ ಮೇಲಿಂದ ನೋಡುತ್ತಾ ನಿಂತಿದ್ದರು. ಅಲ್ಲಿನವರು ಸಕ್ಕರೆ ಹಾಕದ ಟೀ ಕುಡಿಯುತ್ತಾ ನಡುನಡುವೆ ಬೆಲ್ಲದ ತುಂಡನ್ನು ಕಚ್ಚುತ್ತಾರೆ. ಅವರಲ್ಲೊಬ್ಬಾಕೆ ಕನಿಕರಪಟ್ಟು ಅಪ್ಪನಿಗೆ ಒಂದು ಬೆಲ್ಲದ ತುಂಡು ಕೊಟ್ಟಳು. ಮಗಳ ಮನೆಯದಲ್ಲ ಎಂಬ ಕಾರಣಕ್ಕೆ ಅದನ್ನು ತಿಂದರು. ಬೆಲ್ಲ ಚೆನ್ನಾಗಿದೆ, ಆದರೆ ಕಬ್ಬಿನದಲ್ಲ ಎಂದರು.

ರತ್ನ ನನ್ನನ್ನು ಹಿತ್ತಲಿಗೆ ಕರೆದಳು. ನಾಳೆ ಬೆಳಿಗ್ಗೆ ಬರಬೇಕಾಗಿದ್ದ ದೊರೆ ಬರುವುದಿಲ್ಲವಂತೆ, ದೋಣಿ ಖಾಲಿ ಇದೆ, ಅಪ್ಪನನ್ನು ಹೇಗಾದರೂ ಹತ್ತಿಸು ಎಂದಳು. "ಅಪ್ಪನ ಕೋಪ ನೀರು ಕಂಡ್ರೆ ಇಳಿಯುತ್ತೆ ಅಕ್ಕ. ನಿಂಗೊತ್ತಲ್ಲ."

ನನಗೆ ಗೊತ್ತಿತ್ತು. ನಮ್ಮೂರ ಕೆರೆಯಲ್ಲಿ ಅಪ್ಪನಷ್ಟು ಕೊರವ ಮೀನು ಹಿಡಿದವರು ಇರಲಿಲ್ಲ. ನಾಳೆ ಮೀನಿಗೆ ಹೋಗೋಣವಾ ಎಂದು ಕೇಳಿದೆ. ಮೀನಿಗಾದರೆ ಬರುತ್ತೇನೆ, ಅವನ ಜೊತೆ ಅಲ್ಲ ಎಂದರು. ದೋಣಿ ಅವನದೇ ಎಂದೆ. ಹಾಗಾದರೆ ಮಗಳನ್ನು ಕರೆದೊಯ್ಯುವ ಮಾತನ್ನು ದೋಣಿಯಲ್ಲೇ ತೀರ್ಮಾನ ಮಾಡಿಬಿಡೋಣ, ಅಲ್ಲಿಂದ ಅವನು ಎದ್ದು ಹೋಗುವುದಕ್ಕಾಗುವುದಿಲ್ಲ ಎಂದರು.

ನಸುಕಿನ ದೋಣಿ

ಇನ್ನೂ ಕತ್ತಲಿರುವಾಗಲೇ ಹೊರಟೆವು. ಅಂತೋನಿ ಹಿಂದೆ ನಿಂತು ಉದ್ದನೆ ಗಳುವನ್ನು ಕೆಸರಿಗೂರಿ ದೋಣಿ ತಳ್ಳುತ್ತಿದ್ದ. ಮುಂದೆ ಅಪ್ಪ, ನಡುವೆ ನಾನು. ನೀರು ಎಣ್ಣೆ ಸವರಿದ ಹಾಗೆ ನಯವಾಗಿತ್ತು. ಆಕಾಶ ಬಿಳುಪಾಗುತ್ತಾ ಬಂದಂತೆ ಸುತ್ತಲಿನ ಮರಗಳು ಒಂದೊಂದಾಗಿ ಕಾಣತೊಡಗಿದವು. ಅಂಥ ಮರಗಳನ್ನು ನಾನು ಕಂಡಿರಲಿಲ್ಲ. ಉಪ್ಪುನೀರಿನಲ್ಲೇ ಬೆಳೆದು, ಬೇರುಗಳನ್ನು ನೀರಿನಿಂದ ಮೇಲಕ್ಕೆತ್ತಿ, ಸೀರೆ ನೆನೆಯದಂತೆ ನೆರಿಗೆ ಎತ್ತಿಕೊಂಡು ಹಳ್ಳ ದಾಟುವ ಹೆಂಗಸರ ಹಾಗೆ ನಿಂತಿದ್ದವು. ನಮ್ಮ ಕರಾವಳಿಯಲ್ಲೂ ಇವೆಯಂತೆ, ಅಲ್ಲಿ ಕಾಂಡ್ಲಾ ಅನ್ನುತ್ತಾರಂತೆ. ಬೆಂಗಳೂರಿನ ಪಡುವಲ ಕಡೆ ಹುಟ್ಟಿದ ನಮಗೆ ಹೇಗೆ ಗೊತ್ತಾಗಬೇಕು.

ಬೇರಿನ ಮೇಲೆ ಬೆರಳುದ್ದದ ಮೀನುಗಳು ಹತ್ತಿ ಕೂತಿದ್ದವು. ದೋಣಿ ಹತ್ತಿರವಾದಾಗ ಟಪಟಪನೆ ಕೆಸರಿಗೆ ಹಾರಿ, ಎದೆಯ ಮೇಲೆ ತೆವಳಿಕೊಂಡು ಹೋದವು. ಅಪ್ಪ ಅದನ್ನು ನೋಡಿ ಬೆರಗಾದರು. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನೀನು ಸಾಕ್ಷಿ ಎಂದು ನನಗೆ ಹೇಳಿದರು. ಮುಂದೆ ಒಂದು ದಿಮ್ಮಿಯ ಮೇಲೆ ಆಳುದ್ದದ ಉಡ ಮಲಗಿತ್ತು. ಮೊಸಳೆಯೆಂದು ನಾನು ದೋಣಿಯ ಅಂಚು ಹಿಡಿದುಕೊಂಡೆ. ಅಂತೋನಿ ಬಾಯಲ್ಲಿ ಸಣ್ಣ ಸದ್ದು ಮಾಡಿದ, ಉಡ ಬೇಸರದಿಂದ ಎದ್ದು ನೀರಿಗಿಳಿಯಿತು.

ಒಂದು ತಿರುವಿನಲ್ಲಿ ದೋಣಿ ನಿಲ್ಲಿಸಿ ಅಂತೋನಿ ಚೀಲದಿಂದ ಕೋಲು ತೆಗೆದ. ಬಿದಿರನ್ನು ಸೀಳಿ ಅಂಟಿಸಿ ಮಾಡಿದ್ದು, ತುದಿ ಪೊರಕೆ ಕಡ್ಡಿಯಷ್ಟು ತೆಳ್ಳಗೆ. ಸ್ವದೇಶಕ್ಕೆ ಹೊರಟ ದೊರೆಯೊಬ್ಬರು ಬಿಟ್ಟುಹೋದದ್ದಂತೆ. ಬುಡದಲ್ಲಿ ದಾರ ಸುತ್ತಿದ ಸಣ್ಣ ರಾಟೆ. ದಾರ ರೇಷ್ಮೆಯದು. ಅದರ ತುದಿಗೆ ಹುಳುವಿಲ್ಲ, ಸೀಗಡಿಯಿಲ್ಲ. ಕೋಳಿ ಗರಿ, ಮೇಕೆ ಕೂದಲು, ಕೆಂಪು ನೂಲು ಸೇರಿಸಿ ಗಾಳದ ಸುತ್ತ ಕಟ್ಟಿದ ಒಂದು ಹುಸಿಮೀನು.

ಅಪ್ಪ ಅದನ್ನು ಅಂಗೈ ಮೇಲಿಟ್ಟು ನೋಡಿದರು. "ಎರೆಹುಳ ಇಲ್ವಂತಾ? ಇವ್ನು ಹೆಂಡ್ರು ಮಕ್ಳನ್ನ ಸಾಕೋದೂ ಹಿಂಗೇನಾ, ಗರಿ ತೋರಿಸಿ?" ಅಂದರು.

ಗರಿಯನ್ನು ಬಹಳ ಚೆನ್ನಾಗಿ ಕಟ್ಟಿದ್ದೀರಿ ಅನ್ನುತ್ತಾರೆ ಎಂದೆ. ಅಂತೋನಿ ಮೆಚ್ಚುಗೆಗೆ ವಂದನೆ ಹೇಳಿದ. ಅವನ ತುಟಿ ಒಂದಿಷ್ಟು ಅದುರಿದಂತೆ ಕಂಡಿತು.

ಅವನು ಎಸೆದು ತೋರಿಸಿದ. ಕೋಲನ್ನು ಹಿಂದಕ್ಕೆ ಎತ್ತಿದಾಗ ರೇಷ್ಮೆ ದಾರ ನಮ್ಮ ತಲೆಯ ಮೇಲಿಂದ ಹಾದು ಹಿಂದಿನ ಗಾಳಿಯಲ್ಲಿ ನೇರವಾಗುವವರೆಗೂ ಕಾದ. ಆಮೇಲೆ ಮುಂದಕ್ಕೆ ಬೀಸಿದ. ಗರಿ ಬೇರುಗಳ ಬುಡದಲ್ಲಿ ಸದ್ದಿಲ್ಲದೆ ಇಳಿಯಿತು. ಎಡಗೈಯಿಂದ ದಾರವನ್ನು ಗೇಣು ಗೇಣು ಎಳೆದುಕೊಂಡರೆ ನೀರೊಳಗೆ ಗರಿ ಈಜಿತು. ಅಪ್ಪ ನೋಡುತ್ತಲೇ ಇದ್ದರು. ಅವರ ಕೈ ತುರಿಸುತ್ತಿತ್ತು. ಕೊಡು ಎಂಬಂತೆ ಕೈ ಚಾಚಿದರು.

ಅಪ್ಪ ಮೊದಲ ಸಲ ಎಸೆದಾಗ ಗಾಳ ಅವರದೇ ಪೇಟಕ್ಕೆ ಸಿಕ್ಕಿಕೊಂಡು, ಪೇಟ ಹಾರಿ ನೀರಿಗೆ ಬಿತ್ತು. ಎರಡನೆಯ ಸಲ ನನ್ನ ಸೆರಗಿಗೆ ಸಿಕ್ಕಿತು. ಮೂರನೆಯದು ಮರಕ್ಕೆ. ಅಂತೋನಿ ಪ್ರತಿ ಸಲವೂ ದೋಣಿ ತಳ್ಳಿಕೊಂಡು ಹೋಗಿ ಬಿಡಿಸಿ ತಂದ. ಮುಖದಲ್ಲಿ ನಗುವಿಲ್ಲ, ಬೇಸರವೂ ಇಲ್ಲ. ಪೇಟವನ್ನು ಹಿಂಡಿ ದೋಣಿಯ ಮೂತಿಯ ಮೇಲೆ ಹರಡಿದ.

ಸೋತು ಕೂತ ಸಿಟ್ಟಿನಲ್ಲೇ ಅಪ್ಪ ತಾವು ಬಂದ ಕೆಲಸಕ್ಕೆ ಕೈಹಾಕಿದರು. "ಜಯಮ್ಮ, ಹೇಳು ಇವನಿಗೆ. ನಾನು ಮೀನಿಗೆ ಬಂದೋನಲ್ಲ. ನನ್ನ ಮಗಳನ್ನೂ ಕೂಸನ್ನೂ ಕರ್ಕೊಂಡು ಹೋಗ್ತಾ ಇವ್ನಿ. ಇವ್ನ ಒಪ್ಪಿಗೆ ನಂಗೆ ಬೇಡ, ಸುಮ್ನೆ ತಿಳಿಸ್ತಾ ಇವ್ನಿ ಅಷ್ಟೆ."

ಈ ಮಾತನ್ನು ನಾನು ಹೇಗೆ ಹೇಳಲಿ. ಒಂದು ಕ್ಷಣ ಆಕಾಶ ನೋಡಿದೆ, ಮೋಡವಿತ್ತು. ಮಳೆ ಬರುತ್ತದೆಯೇ ಎಂದು ಅಪ್ಪ ಕೇಳುತ್ತಿದ್ದಾರೆ ಎಂದೆ.

ಅಂತೋನಿ ಗಳುವನ್ನು ಊರಿ ನಿಂತ. ಆಮೇಲೆ ನಿಧಾನವಾಗಿ ತಮಿಳಿನಲ್ಲಿ, "ಬರೋದು ಬಿಡೋದು ಮಳೆ ಇಷ್ಟ. ನಾನೂ ಹೇಳೋಕಾಗಲ್ಲ, ಅವರೂ ಹೇಳೋಕಾಗಲ್ಲ. ಮಳೇನೇ ಕೇಳಬೇಕು" ಅಂದ.

ರತ್ನಳನ್ನೇ ಕೇಳಿ ಅನ್ನುತ್ತಾನೆ ಎಂದು ಅಪ್ಪನಿಗೆ ಹೇಳಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಬೇರುಗಳ ನಡುವೆ

ಅಪ್ಪ ಮತ್ತೆ ಕೋಲೆತ್ತಿದರು. ಈ ಸಲ ಸಿಟ್ಟು ಇಳಿದಿತ್ತೋ ಏನೋ, ಹಿಂದೆ ಹೋದ ದಾರ ನೇರವಾಗುವವರೆಗೂ ಕಾದರು. ಗರಿ ಹೋಗಿ ಎರಡು ಬೇರುಗಳ ಮಧ್ಯದ ಕಪ್ಪು ನೀರಿನಲ್ಲಿ ಇಳಿಯಿತು. ಗೇಣು ಎಳೆದರು. ಇನ್ನೊಂದು ಗೇಣು ಎಳೆಯುವಷ್ಟರಲ್ಲಿ ನೀರು ಒಡೆಯಿತು.

ನಮ್ಮ ಮನೆಯ ಒರಳು ಕಲ್ಲನ್ನು ಯಾರೋ ಬಾವಿಗೆ ಎಸೆದಂಥ ಸದ್ದು. ಅಲ್ಲಿ ಕೊಡುವಾ ಎನ್ನುವ ಮೀನು ಅದು. ಅರ್ಧ ಮೈ ಮೇಲೆದ್ದು, ಬಾಯಿ ತೆರೆದು, ತಲೆಯನ್ನು ಒದರಿ ಮತ್ತೆ ಮುಳುಗಿತು. ಕೋಲು ಬಿಲ್ಲಿನ ಹಾಗೆ ಬಾಗಿತು. ಬಿದಿರು ಕೋಲಿನಿಂದ ಕೊರವವನ್ನು ಒಂದೇ ಏಟಿಗೆ ದಡಕ್ಕೆ ಎಸೆದು ಅಭ್ಯಾಸವಾದ ಅಪ್ಪ, ದಾರವನ್ನು ಅಂಗೈಗೆ ಸುತ್ತಿ ಜಗ್ಗತೊಡಗಿದರು. ಮೀನು ತೆರೆದ ನೀರಿನ ಕಡೆ ಓಡಿತು. ದಾರ ಅವರ ಕೈಯನ್ನು ಕೊಯ್ಯುತ್ತಿತ್ತು. ದೋಣಿ ಒಂದು ಕಡೆಗೆ ವಾಲಿತು. ಅಪ್ಪ ಎದ್ದು ನಿಂತರು.

ಆಗ ಹಿಂದಿನಿಂದ ಅಚ್ಚ ಕನ್ನಡದಲ್ಲಿ ಒಂದು ದನಿ ಬಂತು.

"ಬಿಡು ಬಿಡು, ಕೈ ಬಿಡು ಮಾವ. ಅದು ಉವ್ವಾ ಆಗುತ್ತೆ. ಜಾಣ ಅಲ್ವಾ ನೀನು, ಬಿಡು ಚಿನ್ನ. ಕೂತ್ಕೋ, ಬಿದ್ದೋಗ್ತೀಯ."

ಅಪ್ಪ ಕೈ ಬಿಟ್ಟರು. ಕೂತರು. ರಾಟೆ ಗಿರ್ರನೆ ತಿರುಗಿ ದಾರ ಓಡಿತು.

ಬೆರಗಾಗಲು ಯಾರಿಗೂ ಪುರುಸೊತ್ತಿರಲಿಲ್ಲ. ಮೀನು ಮತ್ತೆ ಹಾರಿತು. ಅಂತೋನಿ ದೋಣಿಯನ್ನು ಬೇರುಗಳಿಂದ ದೂರ ತಳ್ಳುತ್ತಾ, ಒಂದೇ ಸಮನೆ ಕನ್ನಡದಲ್ಲಿ ಮಾತಾಡುತ್ತಿದ್ದ. ಈಗ ಎಳಿ ಪುಟ್ಟ, ಮೆಲ್ಲಗೆ ಎಳಿ, ಹಂಗೇ, ಹಂಗೇ, ಎಷ್ಟು ಚೆನ್ನಾಗಿ ಮಾಡ್ತೀಯ. ಬೇಡ ಬೇಡ, ಅಳಬೇಡ, ಹೋಗಲಿ ಬಿಡು, ಮತ್ತೆ ಬರುತ್ತೆ. ಸುಂಕದಕಟ್ಟೆಯ ಪಂಚಾಯ್ತಿಯಲ್ಲಿ ಹಿರಿಯರಾಗಿ ಕೂರುವ ನಮ್ಮಪ್ಪ ಅವನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಎಳೆ ಎಂದಾಗ ಎಳೆದರು, ಬಿಡು ಎಂದಾಗ ಬಿಟ್ಟರು. ಒಂದು ಸಲವಂತೂ, ಈಗ ಬಿಡ್ಲಾ, ಎಂದು ಅವನನ್ನೇ ಕೇಳಿದರು. ಕೊನೆಗೆ ಮೀನು ಸುಸ್ತಾಗಿ ಪಕ್ಕೆ ಹೊರಳಿ ದೋಣಿಯ ಬಳಿಗೆ ಬಂದಾಗ ಅಂತೋನಿ ಬಲೆ ಹಾಕಿ ಎತ್ತಿದ. ಅದು ಮಗುವಿನ ತೊಟ್ಟಿಲಿನಷ್ಟು ಉದ್ದವಿತ್ತು. ಬೆಳ್ಳಿಯ ಹೊಳಪು, ಬಂಗಾರದ ಕಣ್ಣು. ಅಪ್ಪ ಬಾಯಿ ತುಂಬ ನಕ್ಕರು. ಆ ನಗುವನ್ನು ನಾನು ನೋಡಿ ವರ್ಷಗಳಾಗಿದ್ದವು.

ಅಂತೋನಿ ಮೀನನ್ನು ಬಲೆಯಿಂದ ಬಿಡಿಸಿ ದೋಣಿಯ ತಳಕ್ಕೆ ಹಾಕಿದ.

ಅಪ್ಪ ನಿಧಾನವಾಗಿ ಹಿಂದಕ್ಕೆ ತಿರುಗಿದರು. "ಇವ್ನು ಕನ್ನಡ ಮಾತಾಡ್ದ" ಎಂದರು ನನಗೆ. ಹೌದು ಎಂದೆ. "ನನ್ನ ಜಾಣ ಅಂದ." ಹೌದು ಎಂದೆ.

ಅಂತೋನಿ ಕೈಮುಗಿದ. ತಪ್ಪಾಯ್ತು ಮಾವ, ಹೊಡೀಬೇಡ ಎಂದ. ಆಮೇಲೆ ನನ್ನ ಕಡೆ ತಿರುಗಿ ತಮಿಳಿನಲ್ಲಿ ಗಡಿಬಿಡಿಯಿಂದ ಎಲ್ಲವನ್ನೂ ಹೇಳಿದ. ಅವನು ಕನ್ನಡ ಕಲಿತದ್ದು ರತ್ನ ಮಗುವಿನ ಜೊತೆ ಆಡುವ ಮಾತು ಕೇಳಿ ಕೇಳಿ. ಅವನಿಗೆ ಬರುವುದೆಲ್ಲ ಕೂಸಿಗೆ ಹೇಳುವ ಮಾತೇ. ಅಪ್ಪನ ಎದುರು ಬಾಯಿ ಬಿಟ್ಟು ನೀನು ತಾನು ಅಂದರೆ ಕೆಲಸ ಕೆಟ್ಟಿತು, ದೊಡ್ಡವರ ಜೊತೆ ಆಡುವ ಮಾತು ನಾನು ಕಲಿಸುವವರೆಗೂ ಸುಮ್ಮನಿರು ಎಂದು ರತ್ನ ಆಣೆ ಹಾಕಿಸಿಕೊಂಡಿದ್ದಳಂತೆ. ಕಲಿಸುವಷ್ಟರಲ್ಲಿ ನಾವು ಬಂದುಬಿಟ್ಟೆವು.

ನಾನು ಇದನ್ನು ಅಪ್ಪನಿಗೆ ಹೇಳಿದೆ. ಒಂದಕ್ಷರವೂ ಬದಲಿಸದೆ ಹೇಳಿದ್ದು ಅದೇ ಮೊದಲು. ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಪ್ರಯಾಣ ಸುಖವಾಗಿತ್ತು ಅಂದದ್ದು, ಗರಿ ಚೆನ್ನಾಗಿದೆ ಅಂದದ್ದು, ಮಳೆ ಅಂದದ್ದು, ಎಲ್ಲವೂ ಸುಳ್ಳೆಂದು ಅವನಿಗೆ ಗೊತ್ತಿತ್ತು. ಗಳು ಊರಿ ನಿಂತು ಅವನು ಕೊಟ್ಟ ಉತ್ತರ ಮಳೆಯದಲ್ಲ, ರತ್ನಳದು. ಸೆರಗಿನಲ್ಲಿದ್ದ ತೂತನ್ನು ನೋಡುತ್ತಾ ಕೂತೆ.

"ಕೊಕ್ಕರೆ ಅಂದಿದ್ದು ಕೇಳ್ಸಿತ್ತಾ?" ಅಪ್ಪ ನೇರವಾಗಿ ಅವನನ್ನೇ ಕೇಳಿದರು.

"ಕೇಳ್ತು. ಪುಸ್ತಕದಲ್ಲಿ ಕೊಕ್ಕರೆ ಚಿತ್ರ ಐತೆ. ಪುಟ್ಟ ಅದನ್ನ ನೋಡಿ ನನ್ನ ತೋರಿಸ್ತಾನೆ."

"ಕರ್ಕೊಂಡು ಹೋಗ್ತೀನಿ ಅಂದಿದ್ದು?"

ಅಂತೋನಿ ಗಳುವನ್ನು ಅಡ್ಡ ಇಟ್ಟು ಅಪ್ಪನ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಅವನ ಹತ್ತಿರ ಇದ್ದದ್ದು ಕೂಸಿನ ಮಾತುಗಳಷ್ಟೇ, ಅವುಗಳಲ್ಲೇ ಹೇಳಬೇಕಿತ್ತು. "ರತ್ನ ದಿನಾ ನಗ್ತಾಳೆ. ಯುಗಾದಿ ದಿನ ಅಳ್ತಾಳೆ. ನಾನು ಬೇವು ತರ್ತೀನಿ, ದೂರ ಹೋಗಿ ತರ್ತೀನಿ. ಬೆಲ್ಲ ಕೊಡ್ತೀನಿ. ಆದ್ರೂ ಅಳ್ತಾಳೆ. ಅವ್ವ ಬೇಕು, ಅಪ್ಪ ಬೇಕು ಅಂತಾಳೆ. ಅದು ನನ್ನ ಹತ್ರ ಇಲ್ಲ."

ಎದ್ದು ಹೋಗುವಂತಿಲ್ಲದ ಜಾಗದಲ್ಲಿ ಮಾತು ತೀರ್ಮಾನ ಮಾಡುತ್ತೇನೆಂದ ಅಪ್ಪ ಈಗ ತಾವೇ ನೀರನ್ನು ನೋಡುತ್ತಾ ಕೂತರು. ಬಿಸಿಲು ಮರಗಳ ತಲೆಯ ಮೇಲೆ ಬಂದಿತ್ತು. ಮಿಂಚುಳ್ಳಿಯೊಂದು ಬೇರಿನಿಂದ ಬೇರಿಗೆ ಹಾರಿತು. ಹಸಿ ಪೇಟವನ್ನೆತ್ತಿ ತಲೆಗೆ ಸುತ್ತಿಕೊಂಡರು. ಆಮೇಲೆ ಪಾಠ ಹೇಳುವ ದನಿಯಲ್ಲಿ, "ದೊಡ್ಡೋರಿಗೆ ನೀನು ಅನ್ನಬಾರ್ದು. ನೀವು ಅನ್ನಬೇಕು. ಬಿಡು ಅಲ್ಲ, ಬಿಡಿ. ಕೂತ್ಕೋ ಅಲ್ಲ, ಕೂತ್ಕೊಳ್ಳಿ" ಎಂದರು.

ಕೂತ್ಕೊಳ್ಳಿ ಎಂದ ಅಂತೋನಿ.

"ಚಿನ್ನ ಅನ್ನೋದು ಬೇಡವೇ ಬೇಡ."

ದಡ ಬರುವವರೆಗೂ ಪಾಠ ನಡೆಯಿತು.

ಮನೆಯಲ್ಲಿ

ರತ್ನ ದಡದಲ್ಲಿ ಕಾದಿದ್ದಳು. ಮೀನನ್ನು ಅಪ್ಪನೇ ಹೊತ್ತು ತಂದು ಅವಳ ಮುಂದಿಟ್ಟರು. ಹುಣಸೆ ಕಮ್ಮಿ ಹಾಕು, ಮೀನಿಗೇ ಉಪ್ಪಿನ ರುಚಿ ಇರುತ್ತೆ ಎಂದರು. ಅವಳಿಗೆ ಅವರು ಎಷ್ಟೋ ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಅವಳು ಆಗಲಿ ಅಪ್ಪ ಎಂದು ಮೀನನ್ನು ಎತ್ತಿಕೊಂಡು ಒಳಗೆ ಓಡಿದಳು. ಒಳಗಿನಿಂದ ಮೂಗು ಸೀಟಿದ ಸದ್ದು ಕೇಳಿತು.

ಅಂಗಳದ ಮೂರು ಕಲ್ಲಿಗೆ ಆ ದಿನ ಬೆಂಕಿ ಹಚ್ಚಲಿಲ್ಲ. ನಮ್ಮ ರಾಗಿ ಹಿಟ್ಟನ್ನು ರತ್ನಳೇ ತಿರುವಿದಳು. ತೆಂಗಿನಹಾಲು ಹಾಕಿದ ಮೀನಿನ ಸಾರು. ಅಪ್ಪ ಎರಡು ಮುದ್ದೆ ಉಂಡರು. ಮೂರನೆಯದಕ್ಕೆ ಕೈಯಡ್ಡ ಮಾಡಿ, ಊಟದ ನಡುವೆಯೇ ಕೇಳಿಬಿಟ್ಟರು. "ಬರ್ತೀಯೇನವ್ವ ನನ್ ಜೊತೆ?"

ರತ್ನ ಸೌಟು ಹಿಡಿದು ನಿಂತಳು. ಅಂತೋನಿ ತಟ್ಟೆ ನೋಡುತ್ತಿದ್ದ. ಅವಳು ಹೆದರದೆ ಉತ್ತರ ಕೊಟ್ಟಳು. "ಬರ್ತೀನಪ್ಪ, ಹಬ್ಬಕ್ಕೆ. ನೀವು ಕರೆದ್ರೆ ಮೂರೂ ಜನ ಬರ್ತೀವಿ. ಒಬ್ಬಳೇ ಅಂದ್ರೆ ಬರಲ್ಲ."

ಅಪ್ಪ ಬಹಳ ಹೊತ್ತು ಬೆರಳು ನೆಕ್ಕುತ್ತಾ ಕೂತರು. "ಇಷ್ಟುದ್ದ ಆಳು ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸ್ಕೊಂಡು ಬರಬೇಕಾಗ್ತದೆ, ಹೇಳಿರು" ಎಂದರು.

ಅಂತೋನಿಗೆ ಅದು ಕರೆಯೋ ಬೈಗುಳವೋ ತಿಳಿಯದೆ ನನ್ನನ್ನು ನೋಡಿದ. ನನ್ನ ಅನುವಾದಗಳ ಮೇಲೆ ಅವನಿಗಿನ್ನೂ ನಂಬಿಕೆಯಿತ್ತು ಎಂಬುದೇ ಆಶ್ಚರ್ಯ. ಕರೆಯೇ ಕಣಪ್ಪ ಎಂದೆ. ರತ್ನ ಸೌಟು ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತಳು. ಈ ಸಲ ಅದು ನಗುವೋ ಅಳುವೋ ಎಂದು ನಾನು ಊಹಿಸಲು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ

ನನಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಅಪ್ಪನ ಚಾಪೆ ಸುತ್ತಿಟ್ಟಿತ್ತು. ಗಾಬರಿಯಿಂದ ಎದ್ದು ಹೊರಗೆ ಬಂದೆ. ದಡದಲ್ಲಿ ದೋಣಿ ಇರಲಿಲ್ಲ. ರತ್ನ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಟೀ ಲೋಟ ಹಿಡಿದು ನೀರಿನ ಕಡೆ ನೋಡುತ್ತಿದ್ದಳು. ನನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದೆ. ಎಬ್ಬಿಸಬೇಡ ಎಂದು ಅಪ್ಪನೇ ಹೇಳಿದರಂತೆ, ಅವಳು ಬಂದರೆ ದೋಣಿಯಲ್ಲಿ ಜಾಗ ಸಾಲದು ಎಂದರಂತೆ.

ದೂರದಲ್ಲಿ, ಮರಗಳು ನೀರಿಗಿಳಿದು ನಿಂತ ಕಡೆ, ದೋಣಿ ಸಣ್ಣದಾಗಿ ಕಾಣುತ್ತಿತ್ತು. ಮುಂದೆ ಒಬ್ಬರು ಕೂತು ಕೈ ಆಡಿಸಿ ಏನೋ ಹೇಳುತ್ತಿದ್ದರು. ಹಿಂದೆ ನಿಂತವನು ಗಳು ಬಿಟ್ಟು ತಾನೂ ಕೈ ಆಡಿಸಿ ಉತ್ತರ ಕೊಡುತ್ತಿದ್ದ. ದೋಣಿ ತಿರುಗಿಕೊಂಡು ತನ್ನಷ್ಟಕ್ಕೆ ತೇಲುತ್ತಿತ್ತು. ಇಬ್ಬರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.

"ಏನು ಮಾತಾಡ್ತಾ ಇದಾರೆ ಅಕ್ಕ?" ರತ್ನ ಕೇಳಿದಳು.

ಗೊತ್ತಿಲ್ಲ ಎಂದೆ. ಅವಳ ಕೈಯಿಂದ ಲೋಟ ತೆಗೆದುಕೊಂಡು ಟೀ ಕುಡಿದೆ, ನಡುವೆ ಬೆಲ್ಲ ಕಚ್ಚಿದೆ. ಆಮೇಲೆ ಒಳಗೆ ಹೋಗಿ, ನನ್ನ ಚಾಪೆಯ ಮೇಲೆ ಮತ್ತೆ ಮಲಗಿದೆ.